ಆನ್ ಆಗುವಾಗಲೇ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದೆಯೇ? ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಿ

"ಲೋಗೋ ಬರುತ್ತದೆ, ಆಮೇಲೆ ಏನೂ ಇಲ್ಲ." "ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ, ಒಳಗೆ ಹೋಗುವುದೇ ಇಲ್ಲ." "ಪಾಸ್‌ವರ್ಡ್ ಹಾಕಿದ ಮೇಲೆ ಪರದೆ ಕಪ್ಪಾಗುತ್ತದೆ, ಮೌಸ್ ಬಾಣ ಮಾತ್ರ ಓಡಾಡುತ್ತದೆ." ಓದುಗರು ಮತ್ತೆ ಮತ್ತೆ ಕೇಳುವ ಮೂರು ಪ್ರಶ್ನೆಗಳಿವು. ಮೂರಕ್ಕೂ ನಾವು ಹೇಳುವುದು ಒಂದೇ ಮಾತು, ಹ್ಯಾಂಗ್ ಆಗಿದೆ ಅಂತ. ಕಾರಣಗಳು ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಬಹುಪಾಲು ಹಾರ್ಡ್‌ವೇರ್ ಕಾರಣ. ಎರಡನೆಯದಕ್ಕೆ ಡ್ರೈವರ್ (ಒಂದೊಂದು ಬಿಡಿಭಾಗವನ್ನೂ ನಡೆಸುವ ಪ್ರೋಗ್ರಾಂ) ಇರಬಹುದು, ಡಿಸ್ಕ್ ಇರಬಹುದು. ಮೂರನೆಯದು ಹೆಚ್ಚಾಗಿ ಸಾಫ್ಟ್‌ವೇರ್ ತೊಂದರೆ.

ಹೀಗಿರುವಾಗ ಎಲ್ಲದಕ್ಕೂ "ಫಾರ್ಮ್ಯಾಟ್ ಮಾಡಿಸಿ" ಎನ್ನುವ ಸಲಹೆ ಕೇಳಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ ಪಟ್ಟಿ) ಸಡಿಲವಾಗಿದ್ದರೆ ಫಾರ್ಮ್ಯಾಟ್‌ನಿಂದ ಅದು ಬಿಗಿಯಾಗುವುದಿಲ್ಲ. ಡಿಸ್ಕ್ ಸಾಯುತ್ತಿದ್ದರೆ ಫಾರ್ಮ್ಯಾಟ್ ಅದನ್ನು ಬದುಕಿಸುವುದಿಲ್ಲ. ವರ್ಷಗಟ್ಟಲೆ ಇಟ್ಟುಕೊಂಡ ಫೋಟೊ, ಅಂಗಡಿ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಮಾತ್ರ ಹೋಗುತ್ತವೆ. ಆದ್ದರಿಂದ ಯಾವುದಕ್ಕೂ ಕೈ ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಎಲ್ಲಿಯವರೆಗೆ ಬಂದು ನಿಂತಿತು?

ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11 ಇರುವ ಲ್ಯಾಪ್‌ಟಾಪ್ ಮತ್ತು ಡೆಸ್ಕ್‌ಟಾಪ್‌ಗಳಿಗೆ.

ಬಟನ್ ಒತ್ತಿದ ಮೇಲೆ ಏನಾಗುತ್ತದೆ

ಮೊದಲು ಏಳುವುದು ಬಯಾಸ್. ಮದರ್‌ಬೋರ್ಡಿನ ಒಂದು ಚಿಪ್‌ನಲ್ಲಿ ಇರುವ ಪುಟ್ಟ ಪ್ರೋಗ್ರಾಂ ಅದು. ಈಗಿನ ಯಂತ್ರಗಳಲ್ಲಿ ಅದರ ಸರಿಯಾದ ಹೆಸರು ಯುಇಎಫ್‌ಐ. ಆದರೆ ರಿಪೇರಿ ಅಂಗಡಿಯಲ್ಲೂ ಮನೆಯಲ್ಲೂ ಎಲ್ಲರೂ ಬಯಾಸ್ ಎಂದೇ ಹೇಳುತ್ತಾರೆ, ಇಲ್ಲೂ ಹಾಗೇ ಇರಲಿ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಎಲ್ಲ ಸರಿ ಇವೆಯೇ ಎಂದು ಬಯಾಸ್ ಪರೀಕ್ಷಿಸುತ್ತದೆ. ಈ ಪರೀಕ್ಷೆಗೆ ಪೋಸ್ಟ್ ಎನ್ನುತ್ತಾರೆ. ಕಂಪನಿಯ ಲೋಗೋ ಕಾಣಿಸುವುದು ಈ ಹೊತ್ತಿಗೆ. ಆಮೇಲೆ ಬಯಾಸ್ ಡಿಸ್ಕನ್ನು ಹುಡುಕಿ ಅದರಲ್ಲಿರುವ ಬೂಟ್ ಮ್ಯಾನೇಜರ್‌ಗೆ ಕೆಲಸ ಒಪ್ಪಿಸುತ್ತದೆ. ಬೂಟ್ ಮ್ಯಾನೇಜರ್ ಎಂದರೆ ವಿಂಡೋಸ್ ಎಲ್ಲಿದೆ ಎಂದು ತಿಳಿದು ಅದನ್ನು ಎಬ್ಬಿಸುವ ಭಾಗ. ಅಲ್ಲಿಂದ ವಿಂಡೋಸಿನ ತಿರುಳು ಮತ್ತು ಡ್ರೈವರ್‌ಗಳು ಮೆಮೊರಿಗೆ ಬರುತ್ತವೆ. ಲೋಗೋ ಕೆಳಗೆ ಚುಕ್ಕಿಗಳು ಸುತ್ತಲು ಶುರುವಾಗುವುದು ಇಲ್ಲಿಂದ. ಕೊನೆಗೆ ಲಾಗಿನ್ ಪರದೆ, ಡೆಸ್ಕ್‌ಟಾಪ್, ತಾವಾಗಿಯೇ ತೆರೆದುಕೊಳ್ಳುವ ಪ್ರೋಗ್ರಾಂಗಳು.

ಆ ಚುಕ್ಕಿಗಳೇ ಗಡಿ. ಅವು ಕಾಣಿಸುವ ಮುಂಚೆಯೇ ನಿಂತರೆ ವಿಂಡೋಸನ್ನು ಬೈಯುವ ಹಾಗಿಲ್ಲ. ಅದು ಇನ್ನೂ ಎದ್ದೇ ಇಲ್ಲ.

ಏನೇನು ಬೇಕು

ವಿಡಿಯೊ ತೆಗೆಯಲು ಮೊಬೈಲ್. ಸರಿಯಿರುವ ಇನ್ನೊಂದು ಕಂಪ್ಯೂಟರ್, ಸ್ನೇಹಿತರದ್ದಾದರೂ ಸರಿ. 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಖಾಲಿ ಪೆನ್‌ಡ್ರೈವ್. ಡೇಟಾ ತೆಗೆದಿಡಲು ಎಕ್ಸ್‌ಟರ್ನಲ್ ಡಿಸ್ಕ್. ಡೆಸ್ಕ್‌ಟಾಪ್ ಆದರೆ ಸ್ಟಾರ್ ಸ್ಕ್ರೂಡ್ರೈವರ್, ಬಿಳಿ ಪೆನ್ಸಿಲ್ ರಬ್ಬರ್ ಮತ್ತು ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ. ಈ ಬ್ಯಾಟರಿ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಎರಡು ಎಚ್ಚರಿಕೆ. ಎಸ್‌ಎಂಪಿಎಸ್, ಅಂದರೆ ಕರೆಂಟ್ ಹಂಚುವ ಲೋಹದ ಡಬ್ಬಿ, ಅದನ್ನು ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ. ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಉಬ್ಬಿದ್ದರೆ ಅಥವಾ ಕೆಳಗಿನ ಮುಚ್ಚಳ ಬಾಯಿ ಬಿಟ್ಟಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅಂಥದ್ದನ್ನು ಆನ್ ಮಾಡಬೇಡಿ, ಚಾರ್ಜ್‌ಗೂ ಹಾಕಬೇಡಿ, ನೇರವಾಗಿ ಸರ್ವಿಸ್‌ಗೆ ಒಯ್ಯಿರಿ.

ಹಂತ 1: ವಿಡಿಯೊ ತೆಗೆಯಿರಿ, ಕ್ಯಾಪ್ಸ್ ಲಾಕ್ ಒತ್ತಿ ನೋಡಿ

ಪವರ್ ಬಟನ್ ಒತ್ತುವ ಮುಂಚೆಯೇ ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಶುರು ಮಾಡಿ. ಒಂದು ಕ್ಷಣ ಬಂದು ಹೋಗುವ ಸಾಲು ಕಣ್ಣಿಗೆ ಸಿಗುವುದಿಲ್ಲ, ವಿಡಿಯೊದಲ್ಲಿ ನಿಲ್ಲಿಸಿ ಓದಬಹುದು. ಬೀಪ್ ಸದ್ದು ಎಷ್ಟು ಬಂತು, ಉದ್ದವೋ ಗಿಡ್ಡವೋ ಎಂಬುದೂ ದಾಖಲಾಗುತ್ತದೆ. ಬೀಪ್‌ಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ನಿಮ್ಮ ಮಾಡೆಲ್ ಹೆಸರು ಹಾಕಿಯೇ ಹುಡುಕಿ.

ನಿಂತಿತು ಎನಿಸಿದಾಗ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಅಥವಾ ನಮ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಯಂತ್ರ ಒಳಗೆ ಬದುಕಿದೆ ಎಂದರ್ಥ. ಆಗ ಪರದೆ, ಮಾನಿಟರ್ ಕೇಬಲ್, ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಹೋಗಬೇಕು. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮತ್ತು ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಎಷ್ಟೋ ಸಲ ಕಪ್ಪು ಪರದೆ ಅಷ್ಟಕ್ಕೇ ಬೆಳಗುತ್ತದೆ. ದೀಪ ಅಲ್ಲಾಡದೆ ಹಾಗೇ ಇದ್ದರೆ ಪೂರ್ತಿ ಹ್ಯಾಂಗ್ ಆಗಿರುವ ಸಂಭವ ಹೆಚ್ಚು.

ಇಲ್ಲಿ ಜನ ಜಾಸ್ತಿ ಎಡವುವುದು ಆತುರದಲ್ಲಿ. ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂಬ ಸೂಚನೆ ಇದ್ದು ಡಿಸ್ಕಿನ ದೀಪ ಮಿನುಗುತ್ತಿದ್ದರೆ ಒಂದೆರಡು ಗಂಟೆಯಾದರೂ ಬಿಡಿ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಅಷ್ಟು ಹೊತ್ತು ಹಿಡಿಯುವುದುಂಟು. ಅರ್ಧದಲ್ಲಿ ಪ್ಲಗ್ ಕಿತ್ತರೆ ಇಲ್ಲದ ತೊಂದರೆಯನ್ನು ನಾವೇ ತಂದುಕೊಂಡಂತೆ. ಇನ್ನೊಂದು, ಡಿಡಿಆರ್5 ಎಂಬ ಹೊಸ ಬಗೆಯ ರ‍್ಯಾಮ್ ಇರುವ ಹೊಸ ಡೆಸ್ಕ್‌ಟಾಪ್‌ಗಳು. ರ‍್ಯಾಮ್ ಬದಲಿಸಿದ ಮೇಲೆ ಅಥವಾ ಬಯಾಸ್ ರೀಸೆಟ್ ಮಾಡಿದ ಮೇಲೆ ಅವು ಮೊದಲ ಸಲ ಹಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತವೆ. ರ‍್ಯಾಮ್‌ಗೆ ಯಾವ ವೇಗ ಹೊಂದುತ್ತದೆ ಎಂದು ಯಂತ್ರ ಲೆಕ್ಕ ಹಾಕಿಕೊಳ್ಳುತ್ತಿರುತ್ತದೆ. ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಕಾಯಿರಿ.

ಹಂತ 2: ಹೊರಗೆ ಸಿಕ್ಕಿಸಿದ್ದನ್ನೆಲ್ಲ ಕಿತ್ತುಬಿಡಿ

ಪ್ರಿಂಟರ್, ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್, ಮೆಮೊರಿ ಕಾರ್ಡ್, ಯುಎಸ್‌ಬಿ ಹಬ್, ಡಿಜಿಟಲ್ ಸಹಿಯ ಟೋಕನ್, ಡಾಂಗಲ್, ಎಲ್ಲವನ್ನೂ ತೆಗೆಯಿರಿ. ಡೆಸ್ಕ್‌ಟಾಪ್‌ಗೆ ಕೀಬೋರ್ಡ್, ಮೌಸ್, ಮಾನಿಟರ್ ಸಾಕು. ಬೂಟ್ ಮಾಡಲು ಏನಾದರೂ ಸಿಗುತ್ತದೆಯೇ ಎಂದು ಬಯಾಸ್ ಯುಎಸ್‌ಬಿಯಲ್ಲೂ ಹುಡುಕುತ್ತದೆ. ಕೆಟ್ಟ ಪೆನ್‌ಡ್ರೈವ್ ಒಂದು ಉತ್ತರ ಕೊಡದೆ ಕೂತರೆ ಬಯಾಸ್ ಕೂಡ ಅದರ ಮುಂದೆ ಕಾಯುತ್ತಾ ನಿಲ್ಲುತ್ತದೆ.

ಜೊತೆಗೆ ಉಳಿದ ಕರೆಂಟನ್ನು ಹೊರಹಾಕಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚುವಂತಿದ್ದರೆ ಅದನ್ನೂ ಬಿಚ್ಚಿ, ಪವರ್ ಬಟನ್ ಅನ್ನು 30ರಿಂದ 60 ಸೆಕೆಂಡ್ ಒತ್ತಿ ಹಿಡಿಯಿರಿ. ಡೆಸ್ಕ್‌ಟಾಪ್ ಆದರೆ ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು ಹಾಗೇ ಮಾಡಿ. ಸಿಡಿಲು ಗುಡುಗಿನ ದಿನ, ಕರೆಂಟ್ ಹೋಗಿ ಬಂದು ಮಾಡಿದ ಮೇಲೆ ಶುರುವಾದ ತೊಂದರೆಗೆ ಇದನ್ನು ಮೊದಲೇ ಮಾಡಿ ನೋಡುವುದು ಒಳ್ಳೆಯದು.

ಈಗ ಸರಿಯಾಗಿ ಎದ್ದರೆ ಕಿತ್ತದ್ದನ್ನು ಒಂದೊಂದಾಗಿ ಸಿಕ್ಕಿಸಿ, ಪ್ರತಿ ಸಲ ಆಫ್ ಮಾಡಿ ಆನ್ ಮಾಡಿ. ಎಲ್ಲವನ್ನೂ ಒಟ್ಟಿಗೆ ಸಿಕ್ಕಿಸಿದರೆ ಯಾವುದು ಕೆಟ್ಟಿದ್ದು ಎಂದು ಗೊತ್ತಾಗುವುದಿಲ್ಲ.

ಹಂತ 3: ಚುಕ್ಕಿಗಳು ಬರುವ ಮುಂಚೆಯೇ ನಿಂತರೆ

ಬಯಾಸ್ ಒಳಗೆ ಹೋಗಿ ನೋಡಿ. ಆನ್ ಮಾಡಿದ ಕೂಡಲೇ ಡೆಲ್, ಏಸರ್, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಫ್2 ಒತ್ತುತ್ತಾ ಇರಿ. ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಡಿಲೀಟ್ ಕೀ. ಒಳಗೆ ಹೋದರೆ ಏನನ್ನೂ ಬದಲಿಸದೆ ಕಾಲು ಗಂಟೆ ಹಾಗೇ ಬಿಡಿ. ಅಲ್ಲೂ ಹ್ಯಾಂಗ್ ಆದರೆ ಹಾರ್ಡ್‌ವೇರ್ ತೊಂದರೆ ಎಂಬುದು ಬಹುತೇಕ ಖಚಿತ. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತಿದೆಯೇ, ರ‍್ಯಾಮ್ ಎಷ್ಟು ಜಿಬಿ ತೋರಿಸುತ್ತಿದೆ, ದಿನಾಂಕ ಸರಿಯಿದೆಯೇ ಎಂದು ನೋಡಿಕೊಳ್ಳಿ.

ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದ ಬ್ಯಾಟರಿ ಮುಗಿದಿದೆ. ಅದು 3 ವೋಲ್ಟಿನದು. ಅದು ಸತ್ತರೆ ಬಯಾಸ್ ಸೆಟ್ಟಿಂಗ್‌ಗಳು ಕಂಪನಿಯಿಂದ ಬಂದ ಸ್ಥಿತಿಗೆ ಮರಳಿ, ವಿಂಡೋಸ್ ಇರುವ ಡಿಸ್ಕನ್ನು ಓದುವ ರೀತಿಯೇ ಬದಲಾಗಿರಬಹುದು.

ಮುಂದಿನ ಅನುಮಾನ ರ‍್ಯಾಮ್ ಮೇಲೆ. ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗಲು ಬಿಡಿ. ರ‍್ಯಾಮ್ ಪಟ್ಟಿಗಳನ್ನು ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಟಕ್ ಎನ್ನುವ ಹಾಗೆ ಮತ್ತೆ ಕೂರಿಸಿ. ಕರಾವಳಿ, ಮಲೆನಾಡಿನ ತೇವದ ಗಾಳಿಯಲ್ಲಿ ಈ ಅಂಚಿಗೆ ಕಿಲುಬು ಹಿಡಿಯುವುದು ಸಾಮಾನ್ಯ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಒಂದು ಹಾಕಿದಾಗ ಮಾತ್ರ ನಿಲ್ಲುತ್ತದೆ ಅಂದರೆ ಕಳ್ಳ ಸಿಕ್ಕಿದ. ಆದರೆ ಅದೇ ಪಟ್ಟಿಯನ್ನು ಇನ್ನೊಂದು ಸ್ಲಾಟ್‌ನಲ್ಲೂ ನೋಡಿ, ಸ್ಲಾಟೇ ಕೆಟ್ಟಿರಬಹುದು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಇದ್ದರೆ ಆಫ್ ಮಾಡಿ. ರ‍್ಯಾಮನ್ನು ಮಾಮೂಲಿಗಿಂತ ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್ ಅದು.

ಆಮೇಲೆ ಡಿಸ್ಕಿನ ಕೇಬಲ್. ಡೆಸ್ಕ್‌ಟಾಪ್‌ನಲ್ಲಿ ಹಾರ್ಡ್ ಡಿಸ್ಕಿನ ಡೇಟಾ ಕೇಬಲ್ ತೆಗೆದು ಆನ್ ಮಾಡಿ. ಲೋಗೋದಲ್ಲೇ ನಿಲ್ಲುತ್ತಿದ್ದ ಯಂತ್ರ ಈಗ ಸರಾಗವಾಗಿ ಮುಂದೆ ಹೋಗಿ "ಬೂಟ್ ಡಿವೈಸ್ ಇಲ್ಲ" ಎಂದರೆ ಅದು ಒಳ್ಳೆಯ ಸುಳಿವು. ತಪ್ಪು ಡಿಸ್ಕಿನದ್ದು, ಇಲ್ಲವೇ ಕೇಬಲ್‌ನದ್ದು. ಮೊದಲು ಕೇಬಲ್ ಬದಲಿಸಿ ನೋಡಿ, ಅದು ಅಗ್ಗ. ಇತ್ತೀಚಿನ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಸಿಪಿಯು (ಪ್ರೊಸೆಸರ್), ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕ್) ಎಂದು ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದು ಆರದೆ ಉಳಿಯುತ್ತದೋ ತಪಾಸಣೆ ಅಲ್ಲಿ ನಿಂತಿದೆ.

ಬಯಾಸ್‌ನಲ್ಲಿ ಏನಾದರೂ ಬದಲಿಸಬೇಕಾದರೆ ಮೊದಲು ಆ ಪುಟದ ಫೋಟೊ ತೆಗೆದುಕೊಳ್ಳಿ. ಎಎಚ್‌ಸಿಐ, ರೇಡ್, ವಿಎಂಡಿ ಎಂದು ಬರೆದಿರುವ ಕಡೆಗಂತೂ ಸುಮ್ನೆ ಕೈ ಹಾಕಬೇಡಿ. ಡಿಸ್ಕಿನ ಜೊತೆ ಯಂತ್ರ ಮಾತಾಡುವ ವಿಧಾನ ಅದು. ಬದಲಿಸಿದರೆ ಸರಿಯಿದ್ದ ವಿಂಡೋಸ್ ಕೂಡ ದೋಷ ಸೂಚಿಸುವ ನೀಲಿ ಪರದೆ ತೋರಿಸುತ್ತದೆ.

ಹಂತ 4: ಡಿಸ್ಕ್ ಸಾಯುತ್ತಿದೆಯೇ?

ಈ ಹಂತಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ರ‍್ಯಾಮ್ ಕೆಟ್ಟರೆ ಹೊಸದು ಸಿಗುತ್ತದೆ, ಡಿಸ್ಕಿನ ಒಳಗಿರುವುದು ಸಿಗುವುದಿಲ್ಲ.

ಸಾಯುತ್ತಿರುವ ಡಿಸ್ಕಿನ ಲಕ್ಷಣಗಳು ಹೀಗಿರುತ್ತವೆ. ಕೆಲವು ವಾರಗಳಿಂದ ಆನ್ ಆಗಲು ಹೊತ್ತು ಹಿಡಿಯುತ್ತಿತ್ತು. ಫೋಲ್ಡರ್ ತೆರೆದಾಗ ನಡುನಡುವೆ ಇಡೀ ಯಂತ್ರ ನಿಂತು ಮತ್ತೆ ಓಡುತ್ತಿತ್ತು. ಹಾರ್ಡ್ ಡಿಸ್ಕ್ ಆದರೆ ಟಿಕ್ ಟಿಕ್ ಸದ್ದು (ಹೀಗಿದ್ದು ಒಳಗೆ ಬದಲಿ ಇಲ್ಲದ ಡೇಟಾ ಇದ್ದರೆ ಇಲ್ಲಿಗೇ ನಿಲ್ಲಿಸಿ, ಕೊನೆಯ ಭಾಗ ನೋಡಿ). ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಹೊಸ ಬಗೆಯ ಡಿಸ್ಕ್) ಆದರೆ ಸದ್ದೇ ಇಲ್ಲ, ಒಂದು ದಿನ ಬಯಾಸ್‌ನಲ್ಲಿ ಹೆಸರು ಕಾಣುತ್ತದೆ, ಮರುದಿನ ಕಾಣುವುದಿಲ್ಲ. ಇಂಥ ಡಿಸ್ಕಿನಲ್ಲಿ ಒಂದು ಜಾಗ ಓದಲು ಬಾರದಿದ್ದರೆ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅಷ್ಟು ಹೊತ್ತೂ ವಿಂಡೋಸ್ ಕಾಯುತ್ತದೆ. ನಮಗೆ ಕಾಣುವುದು ಸುತ್ತುವ ಚುಕ್ಕಿಗಳು ಮಾತ್ರ.

ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನೋಸ್ಟಿಕ್ಸ್, ಎಚ್‌ಪಿಯಲ್ಲಿ ಎಫ್2 ಒತ್ತಿದರೆ ಕಂಪನಿಯದೇ ಪರೀಕ್ಷೆ ತೆರೆಯುತ್ತದೆ. ವಿಂಡೋಸ್ ಇಲ್ಲದೆಯೇ ಅದು ಡಿಸ್ಕ್, ರ‍್ಯಾಮ್ ಎರಡನ್ನೂ ನೋಡುತ್ತದೆ. ಬಂದ ಕೋಡ್ ಬರೆದಿಟ್ಟುಕೊಳ್ಳಿ. ಗ್ಯಾರಂಟಿ ಇದ್ದರೆ ಕಸ್ಟಮರ್ ಕೇರ್‌ನವರು ಕೇಳುವುದು ಅದನ್ನೇ.

ಇದಕ್ಕಿಂತ ನಾನು ಹೆಚ್ಚು ನಂಬುವುದು ಲೈವ್ ಲಿನಕ್ಸ್ (ಡಿಸ್ಕಿಗೆ ಹಾಕದೆ ನೇರವಾಗಿ ಓಡಿಸಬಹುದಾದ, ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆ) ಪೆನ್‌ಡ್ರೈವ್. ಇನ್ನೊಂದು ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಇಳಿಸಿಕೊಂಡು, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಹಾಕಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ. ಕೆಟ್ಟ ಯಂತ್ರಕ್ಕೆ ಸಿಕ್ಕಿಸಿ, ಬೂಟ್ ಮೆನುವಿನಿಂದ ಪೆನ್‌ಡ್ರೈವ್ ಆರಿಸಿ. ಈ ಮೆನು ಡೆಲ್, ಲೆನೋವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಇನ್‌ಸ್ಟಾಲ್ ಒತ್ತಬೇಡಿ, "ಟ್ರೈ" ಅಥವಾ "ಸ್ಟಾರ್ಟ್" ಒತ್ತಿ. ಲಿನಕ್ಸ್ ಒಂದು ಗಂಟೆ ತೊಂದರೆಯಿಲ್ಲದೆ ಓಡಿದರೆ ಪ್ರೊಸೆಸರ್, ರ‍್ಯಾಮ್, ಮದರ್‌ಬೋರ್ಡ್ ಬಹುಮಟ್ಟಿಗೆ ಸರಿ ಇವೆ. ತೊಂದರೆ ಡಿಸ್ಕಿನಲ್ಲಿದೆ, ಇಲ್ಲ ವಿಂಡೋಸ್‌ನಲ್ಲಿದೆ. ಅಲ್ಲಿರುವ "ಡಿಸ್ಕ್ಸ್" ಎಂಬ ಉಪಕರಣದಲ್ಲಿ ಸ್ಮಾರ್ಟ್ ಮಾಹಿತಿ ನೋಡಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ದಾಖಲೆ ಅದು. ಹಾರ್ಡ್ ಡಿಸ್ಕಿನಲ್ಲಿ "ರೀಅಲೊಕೇಟೆಡ್", "ಪೆಂಡಿಂಗ್", "ಅನ್‌ಕರೆಕ್ಟಬಲ್" ಎಂಬ ಸಾಲುಗಳ ಎದುರು ಸೊನ್ನೆ ಇರಬೇಕು. ಪೆಂಡಿಂಗ್ ಸಂಖ್ಯೆ ಏರುತ್ತಿದ್ದರೆ ಆ ಡಿಸ್ಕಿನ ಮೇಲೆ ಇನ್ನು ಭರವಸೆ ಇಡಬೇಡಿ. ಅದೇ ಕೂತ ಕೂರಿಕೆಯಲ್ಲಿ ಬೇಕಾದ ಫೈಲ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಅತಿ ಮುಖ್ಯವಾದದ್ದು ಮೊದಲು, ಸಿನಿಮಾ ಹಾಡು ಕೊನೆಗೆ.

ಚೆಕ್‌ಡಿಸ್ಕ್ ಬಗ್ಗೆ ಒಂದು ಮಾತು. ಡಿಸ್ಕಿನ ತಪ್ಪು ತಿದ್ದುವ ಈ ವಿಂಡೋಸ್ ಆಜ್ಞೆಯನ್ನು ಎಲ್ಲ ಕಡೆ ಸಲಹೆ ಮಾಡುತ್ತಾರೆ. ಸರಿಯಿರುವ ಡಿಸ್ಕಿಗೆ ಅದು ಒಳ್ಳೆಯದೇ. ಸಾಯುತ್ತಿರುವ ಡಿಸ್ಕಿನಲ್ಲಿ ಮಾತ್ರ ಮೂಲೆ ಮೂಲೆಯನ್ನೂ ಗಂಟೆಗಟ್ಟಲೆ ಓದಿಸಿ ಉಳಿದ ಜೀವವನ್ನೂ ತೆಗೆಯಬಹುದು. ಮೊದಲು ನಕಲು, ಆಮೇಲೆ ಚೆಕ್‌ಡಿಸ್ಕ್. ಈ ಕ್ರಮ ತಪ್ಪಿಸಬೇಡಿ.

ಹಂತ 5: ಚುಕ್ಕಿಗಳು ಸುತ್ತುತ್ತಲೇ ಇದ್ದರೆ

ಡಿಸ್ಕ್ ಸರಿಯಿದೆ ಎಂದಾದರೆ ಈಗ ವಿಂಡೋಸ್ ಸರದಿ. ಹಳೆಯ ಕಾಲದ ಎಫ್8 ಈಗ ಕೆಲಸ ಮಾಡುವುದಿಲ್ಲ. ಚುಕ್ಕಿಗಳು ಕಂಡ ಕೂಡಲೇ ಪವರ್ ಬಟನ್ ಅನ್ನು 10 ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಸಲ ಮಾಡಿ ಮೂರನೆಯ ಸಲ ಬಿಟ್ಟರೆ ನೀಲಿ ಬಣ್ಣದ ರಿಕವರಿ ಪರದೆ ತಾನಾಗಿ ಬರುತ್ತದೆ. ಬಾರದಿದ್ದರೆ ಮೈಕ್ರೋಸಾಫ್ಟ್‌ನಿಂದ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಂಡು, ಅದರಲ್ಲಿ "ರಿಪೇರ್" ಆಯ್ಕೆ ಒತ್ತಿ.

ಇಲ್ಲಿ ಹಲವರಿಗೆ ಎದುರಾಗುವುದು ಬಿಟ್‌ಲಾಕರ್. ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದದಂತೆ ಬೀಗ ಹಾಕುವ ವ್ಯವಸ್ಥೆ ಅದು. ತಾವು ಹಾಕಿಯೇ ಇಲ್ಲ ಎನ್ನುವವರ ಲ್ಯಾಪ್‌ಟಾಪ್‌ನಲ್ಲೂ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಅದು ತಾನಾಗಿ ಆನ್ ಆಗಿರಬಹುದು. ತೆರೆಯಲು 48 ಅಂಕಿಗಳ ಕೀ ಬೇಕು. ಮೊಬೈಲ್‌ನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿವೈಸ್‌ಗಳ ಪುಟದಲ್ಲಿ ರಿಕವರಿ ಕೀ ಹುಡುಕಿ. ಕಚೇರಿಯ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದವರಲ್ಲಿರುತ್ತದೆ. ಲೈವ್ ಲಿನಕ್ಸ್‌ನಲ್ಲೂ ಈ ಕೀ ಇಲ್ಲದೆ ಫೈಲ್ ಓದಲಾಗುವುದಿಲ್ಲ. ಕೀ ಕೈಯಲ್ಲಿ ಇಲ್ಲದಿದ್ದರೆ ಬಯಾಸ್ ರೀಸೆಟ್, ಬಯಾಸ್ ಅಪ್‌ಡೇಟ್ ಎರಡನ್ನೂ ಮುಂದಕ್ಕೆ ಹಾಕಿ.

ರಿಕವರಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಆರಿಸಿ ರೀಸ್ಟಾರ್ಟ್ ಒತ್ತಿ. ಬರುವ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್. ಇದರಲ್ಲಿ ತೀರಾ ಅಗತ್ಯವಾದ ಡ್ರೈವರ್‌ಗಳು ಮಾತ್ರ ಓಡುತ್ತವೆ. ಪಿನ್ ಒಪ್ಪದಿದ್ದರೆ ಖಾತೆಯ ಪಾಸ್‌ವರ್ಡ್ ಹಾಕಿ. ಸೇಫ್ ಮೋಡ್‌ನಲ್ಲಿ ಆರಾಮವಾಗಿ ಎದ್ದಿತು ಎಂದರೆ ಅರ್ಧ ಕೆಲಸ ಮುಗಿದಂತೆ. ತಪ್ಪು ಯಾವುದೋ ಡ್ರೈವರ್‌ನದ್ದು ಅಥವಾ ಸೇವೆಯದ್ದು (ಹಿನ್ನೆಲೆಯಲ್ಲಿ ತಾನಾಗಿ ಓಡುವ ಪ್ರೋಗ್ರಾಂ).

2024ರ ಜುಲೈ 19 ನೆನಪಿದೆ ಅಲ್ವಾ? ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಯಿತು. ಆ ತಂತ್ರಾಂಶದ ಡ್ರೈವರ್ ಬೂಟ್ ಆಗುವಾಗಲೇ ಓಡುವಂಥದ್ದು, ಹಾಗಾಗಿ ಎಷ್ಟೋ ಯಂತ್ರಗಳು ಎಷ್ಟು ಸಲ ಆನ್ ಮಾಡಿದರೂ ಅಲ್ಲೇ ಬೀಳುತ್ತಿದ್ದವು. ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲ್ ಅಳಿಸುವುದೇ ಕೈಯಿಂದ ಮಾಡುವ ಪರಿಹಾರವಾಗಿತ್ತು. ಅಲ್ಲೂ ಜನರನ್ನು ಕಾಡಿದ್ದು ಬಿಟ್‌ಲಾಕರ್ ಕೀ.

ನಿಮ್ಮ ಯಂತ್ರದಲ್ಲೂ ದಾರಿ ಅದೇ. ತೊಂದರೆ ಶುರುವಾಗುವ ಮುಂಚೆ ಏನು ಹೊಸದಾಗಿ ಬಂತು ಎಂದು ಯೋಚಿಸಿ. ಗ್ರಾಫಿಕ್ಸ್ ಡ್ರೈವರ್ ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ "ರೋಲ್ ಬ್ಯಾಕ್" ಮಾಡಿ, ಅಂದರೆ ಹಿಂದಿನ ಆವೃತ್ತಿಗೆ ಮರಳಿಸಿ. ವಿಂಡೋಸ್ ಅಪ್‌ಡೇಟ್ ಆದರೆ ರಿಕವರಿ ಪರದೆಯಲ್ಲೇ "ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್" ಇದೆ. ಆಂಟಿವೈರಸ್ ಎರಡಿದ್ದರೆ ಒಂದನ್ನು ತೆಗೆಯಿರಿ. ಯಾವುದೂ ಹೊಳೆಯದಿದ್ದರೆ ಸಿಸ್ಟಂ ರೀಸ್ಟೋರ್ ಬಳಸಿ, ಸರಿಯಿದ್ದ ದಿನಾಂಕಕ್ಕೆ ಹೋಗಿ. ಅದು ನಿಮ್ಮ ಫೋಟೊ, ದಾಖಲೆಗಳನ್ನು ಮುಟ್ಟುವುದಿಲ್ಲ, ಆ ದಿನದ ನಂತರ ಹಾಕಿದ ಪ್ರೋಗ್ರಾಂಗಳು ಮಾತ್ರ ಹೋಗುತ್ತವೆ. ಸ್ಟಾರ್ಟಪ್ ರಿಪೇರ್ ಕೂಡ ಒಮ್ಮೆ ಓಡಿಸಿ.

ಹಂತ 6: ಪಾಸ್‌ವರ್ಡ್ ಹಾಕಿದ ಮೇಲೆ ನಿಂತರೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬಂದರೆ "ಸ್ಟಾರ್ಟಪ್ ಆ್ಯಪ್ಸ್" ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡಿ.

ಅದಕ್ಕೂ ಬಗ್ಗದಿದ್ದರೆ ಕ್ಲೀನ್ ಬೂಟ್, ಅಂದರೆ ಬೇರೆ ಕಂಪನಿಗಳ ಸೇವೆಗಳನ್ನು ನಿಲ್ಲಿಸಿ ವಿಂಡೋಸ್ ಎಬ್ಬಿಸುವುದು. ಡೆಸ್ಕ್‌ಟಾಪ್ ಕಾಣದಿದ್ದರೆ ಹಂತ 5ರಂತೆ ಸೇಫ್ ಮೋಡ್‌ಗೆ ಹೋಗಿ ಇದನ್ನು ಮಾಡಿ. ಸ್ಟಾರ್ಟ್‌ನಲ್ಲಿ "ಸಿಸ್ಟಂ ಕಾನ್ಫಿಗರೇಷನ್" ಹುಡುಕಿ, ಸರ್ವಿಸಸ್ ಪುಟದಲ್ಲಿ ಮೊದಲು "ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್" ಟಿಕ್ ಮಾಡಿ. ಆಮೇಲೆ "ಡಿಸೇಬಲ್ ಆಲ್" ಒತ್ತಿ. ಮೊದಲ ಟಿಕ್ ಮರೆತರೆ ವಿಂಡೋಸಿನ ಸ್ವಂತ ಸೇವೆಗಳೂ ನಿಂತು ಲಾಗಿನ್ ಆಗುವುದೇ ಕಷ್ಟವಾಗಬಹುದು. ಈಗ ಸರಿಯಾದರೆ ಅರ್ಧದಷ್ಟು ಸೇವೆಗಳನ್ನು ಮಾತ್ರ ಮತ್ತೆ ಆನ್ ಮಾಡಿ. ನಿಂತರೆ ಕಾರಣ ಆ ಅರ್ಧದಲ್ಲಿದೆ, ನಿಲ್ಲದಿದ್ದರೆ ಉಳಿದರ್ಧದಲ್ಲಿದೆ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ನಾಲ್ಕೈದು ರೀಸ್ಟಾರ್ಟ್‌ನಲ್ಲಿ ಒಂದೇ ಹೆಸರು ಉಳಿಯುತ್ತದೆ.

ಹಂತ 7: ಒಮ್ಮೆ ನಿಲ್ಲುತ್ತದೆ, ಒಮ್ಮೆ ನಿಲ್ಲುವುದಿಲ್ಲ ಎಂದರೆ

ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ಹ್ಯಾಂಗ್, ರೀಸ್ಟಾರ್ಟ್ ಮಾಡಿದರೆ ಸರಿ. ಹೀಗಿದ್ದರೆ ಫಾಸ್ಟ್ ಸ್ಟಾರ್ಟಪ್ ಮೇಲೆ ಅನುಮಾನ ಪಡಿ. ಇದು ಆನ್ ಇದ್ದಾಗ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ. ವಿಂಡೋಸ್ ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ನಿನ್ನೆಯ ಗೊಂದಲವೂ ಜೊತೆಗೇ ಬರುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, "ಚೂಸ್ ವಾಟ್ ದ ಪವರ್ ಬಟನ್ಸ್ ಡೂ" ಎಂಬಲ್ಲಿ ಹೋಗಿ ಇದನ್ನು ಆಫ್ ಮಾಡಿ, ಒಂದು ವಾರ ನೋಡಿ.

ಅದರಿಂದಲೂ ಹೋಗದಿದ್ದರೆ ರ‍್ಯಾಮನ್ನು ಮೆಮ್‌ಟೆಸ್ಟ್86 ಎಂಬ ಪೆನ್‌ಡ್ರೈವ್ ಪರೀಕ್ಷೆಯಿಂದ ರಾತ್ರಿಯಿಡೀ ಪರೀಕ್ಷಿಸಿ. ಒಂದೇ ಒಂದು ಕೆಂಪು ದೋಷ ಬಂದರೂ ಆ ಪಟ್ಟಿ ಬದಲಿಸಬೇಕು. ಡೆಸ್ಕ್‌ಟಾಪ್‌ನಲ್ಲಿ ಅದೂ ಸರಿಯಿದ್ದರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದೊಂದು ಉಳಿಯುತ್ತದೆ. ತಣ್ಣಗಿದ್ದಾಗ ಏಳದೆ ಎರಡು ಮೂರು ಸಲ ಆನ್ ಮಾಡಿದ ಮೇಲೆ ಏಳುವ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬಹಳ ಸಲ ಅದೇ ಕಾರಣ.

ಅಂಗಡಿಗೆ ಒಯ್ಯುವುದಾದರೆ

ಬಯಾಸ್ ಕೂಡ ತೆರೆಯದಿದ್ದರೆ, ಸುಟ್ಟ ವಾಸನೆ ಬಂದಿದ್ದರೆ, ಲ್ಯಾಪ್‌ಟಾಪ್ ಬಿಚ್ಚಬೇಕಾಗಿ ಬಂದು ಗ್ಯಾರಂಟಿ ಇನ್ನೂ ಇದ್ದರೆ ಅಲ್ಲಿಗೆ ನಿಲ್ಲಿಸಿ. ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದು ಒಳಗೆ ಬದಲಿ ಇಲ್ಲದ ಡೇಟಾ ಇದ್ದರೆ ಮತ್ತೆ ಆನ್ ಮಾಡಲೇಬೇಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ. ಪ್ರತಿ ಸಲ ಆನ್ ಮಾಡಿದಾಗಲೂ ಉಳಿಸಿಕೊಳ್ಳುವ ಸಾಧ್ಯತೆ ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ "ಹ್ಯಾಂಗ್ ಆಗುತ್ತೆ" ಎಂದಷ್ಟೇ ಹೇಳಬೇಡಿ. ಮೊದಲ ಹಂತದ ವಿಡಿಯೊ ತೋರಿಸಿ. ಯಾವ ಹಂತದವರೆಗೆ ಏನೇನು ನೋಡಿದಿರಿ, ಏನು ಬದಲಿಸಿದಿರಿ, ಯಾವ ಕೋಡ್ ಬಂತು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ರಸೀದಿಯ ಮೇಲೆ ಈ ಸಾಲು ಬರೆಸಿಕೊಳ್ಳಿ: "ಡೇಟಾ ಬೇಕು. ಕೇಳದೆ ಫಾರ್ಮ್ಯಾಟ್ ಮಾಡಬಾರದು. ಬದಲಿಸಿದ ಹಳೆಯ ಡಿಸ್ಕ್ ವಾಪಸ್ ಕೊಡಬೇಕು."